ನೋಟ್‌ಟೇಕರ್‌ನಲ್ಲಿ 'ಬಿ' ಹೋಗಿ 'ಬಟ್' ಆಗ್ತಿದ್ದ ಕಥೆ

ಎರಡು ದಿನ ತಲೆ ಕೆಡಿಸ್ಕೊಂಡೆ. ಬ್ರೈಲ್ ನೋಟ್‌ಟೇಕರ್‌ನಲ್ಲಿ (ಅಂಧರ ಚುಕ್ಕಿ ಲಿಪೀಲಿ ಟೈಪ್ ಮಾಡೋ ಪುಟ್ಟ ಮಷೀನು) ಇಂಗ್ಲಿಷ್ ನೋಟ್ಸ್ ಬರ್ದು ಟೆಕ್ಸ್ಟ್ ಫೈಲ್ ಮಾಡಿದ್ರೆ ಆಪ್ಷನ್ ಬಿ, ಸಿ ಅಂತಿರೋ ಕಡೆಯೆಲ್ಲ ಬಟ್, ಕ್ಯಾನ್ ಅಂತ ಬರ್ತಿತ್ತು, ಕೆ ಒಂದೇ ಇದ್ರೆ ನಾಲೆಡ್ಜ್! ಮಷೀನೇ ಕೆಟ್ಟಿದೆ ಅಂದ್ಕೊಂಡು ರೀಸೆಟ್ ಬೇರೆ ಮಾಡ್ದೆ, ಸುಮ್ನೆ ದಂಡ.

ಆಮೇಲೆ ಸೆಟಿಂಗ್ಸ್ ನೋಡಿದ್ರೆ ಚುಕ್ಕೀನ ಅಕ್ಷರ ಮಾಡೋ ಟ್ರಾನ್ಸ್‌ಲೇಷನ್ ಟೇಬಲ್ ಗ್ರೇಡ್ 2ರಲ್ಲಿ (ಪದಗಳನ್ನ ಚಿಕ್ಕದು ಮಾಡಿ ಬರೆಯೋ ಬ್ರೈಲ್) ಕೂತಿದೆ, ಅದ್ರಲ್ಲಿ ಒಂಟಿ ಅಕ್ಷರ ಅಂದ್ರೆ ಇಡೀ ಪದ, ನಾನೋ ಗ್ರೇಡ್ 1 ಥರ, ಅಂದ್ರೆ ಏನೂ ಚಿಕ್ಕದು ಮಾಡ್ದೆ ಒಂದೊಂದೇ ಅಕ್ಷರ ಟೈಪ್ ಮಾಡ್ತಿದ್ದೆ. ಹಳೇ ನೋಟ್ಸ್‌ನ ಬ್ರೈಲ್ ಫೈಲ್ ತೆಗ್ದು, ಟೇಬಲ್ ಗ್ರೇಡ್ 1ಕ್ಕೆ ಬದಲಾಯ್ಸಿ ಮತ್ತೆ ಎಕ್ಸ್‌ಪೋರ್ಟ್ ಮಾಡ್ದೆ, ಎಲ್ಲಾ ಸರಿಹೋಯ್ತು, ಚುಕ್ಕಿ ಒಂದೂ ತಿದ್ದಬೇಕಾಗ್ಲಿಲ್ಲ. ಗ್ರೇಡ್ 2 ಬಿಡಕ್ಕಾಗಲ್ಲ ಅನ್ನೋರು ಒಂಟಿ ಅಕ್ಷರದ ಮುಂಚೆ 5 ಮತ್ತು 6ನೇ ಚುಕ್ಕಿ ಒಟ್ಟಿಗೆ ಹಾಕಿ, ಬಿ ಬಿಯಾಗೇ ಇರುತ್ತೆ.