ಆರ್‌ಟಿಐ ಅರ್ಜಿಯಲ್ಲಿ ‘ಯಾಕೆ’ ಬೇಡ, ಕಾಗದ ಕೇಳಿ

ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ ಬೇಜಾರಾಗಿ ಕೈಬಿಟ್ಟವರು ಊರಿಗೊಬ್ಬರಾದರೂ ಸಿಗುತ್ತಾರೆ. ‘ಉತ್ತರ ಬಂತು, ಅದರಲ್ಲಿ ಏನೂ ಇರಲಿಲ್ಲ’ ಅನ್ನುತ್ತಾರೆ. ಅವರ ಅರ್ಜಿ ಇಸಿದುಕೊಂಡು ಓದಿದರೆ ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಎರಡು ಪುಟ ತುಂಬ ಸಿಟ್ಟು, ಕೊನೆಗೆ ನಾಲ್ಕು ‘ಯಾಕೆ’. ಇಂಥದ್ದಕ್ಕೆ ಒಂದೇ ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವುದು ಕಚೇರಿಗೆ ಬಹಳ ಸುಲಭ.

ಹಂತ 1: ಕಚೇರಿ ಯಾವುದು?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅರ್ಜಿ ಬೇರೆ ಕಚೇರಿಗೆ ಹೋದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಂ ಹೇಳುತ್ತದೆ. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಅಂತ ಹುದ್ದೆಗೆ ಬರೆಯಿರಿ, ವ್ಯಕ್ತಿಯ ಹೆಸರು ಬೇಡ. ಅರ್ಜಿ ತಲುಪುವಷ್ಟರಲ್ಲಿ ಅವರಿಗೆ ವರ್ಗ ಆಗಿರಬಹುದು.

ಹಂತ 2: ಕೇಳುವ ರೀತಿ

ಎಲ್ಲರೂ ಎಡವುವುದು ಇಲ್ಲೇ. ಒಂದು ಅರ್ಜಿ ಹೀಗಿರುತ್ತದೆ ಅಂದುಕೊಳ್ಳಿ: ‘ನಮ್ಮ ಬೀದಿಯ ಚರಂಡಿ ಯಾಕೆ ಇಷ್ಟು ಕಳಪೆ? ಇದಕ್ಕೆ ಹೊಣೆ ಯಾರು? ಎಷ್ಟು ದುಡ್ಡು ತಿಂದಿದ್ದೀರಿ?’ ಓದಲು ಖುಷಿಯಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ. 2005ರ ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ಹೊಸದಾಗಿ ಕೂತು ವಿವರಣೆ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ವಿದ್ಯಾರ್ಥಿಗಳಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಸಿಕ್ಕಿದ್ದೂ ಅದೇ ತೀರ್ಪಿನಲ್ಲಿ. ಇರುವ ಕಾಗದ ಕೇಳಿದ್ದರು, ಸಿಕ್ಕಿತು.

ಅದೇ ಚರಂಡಿಯ ಬಗ್ಗೆ ಹೀಗೆ ಕೇಳಿ: ‘2023–24ನೇ ಸಾಲಿನಲ್ಲಿ ಮಾರಮ್ಮನ ಗುಡಿಯಿಂದ ಹಳೇ ಬಾವಿವರೆಗೆ ಮಾಡಿದ ಚರಂಡಿ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ.’

ಇಲ್ಲಿ ಮುಖ್ಯ ಅಳತೆ ಪುಸ್ತಕ, ಅಂದರೆ ಎಂ.ಬಿ. ಬಿಲ್ ಆಗುವುದೇ ಅದರ ಮೇಲೆ. ಉದ್ದ, ಅಗಲ, ಆಳ ಎಲ್ಲವನ್ನೂ ಎಂಜಿನಿಯರ್ ಬರೆದು ಸಹಿ ಹಾಕಿರುತ್ತಾರೆ. ಪ್ರತಿ ಕೈಗೆ ಬಂದ ಮೇಲೆ ಒಂದು ಟೇಪ್ ಹಿಡಿದು ಚರಂಡಿ ಅಳೆದರೆ ನಿಮ್ಮ ‘ಯಾಕೆ’ಗೆ ಉತ್ತರ ಸಿಗುತ್ತದೆ.

‘ನನ್ನ ಅರ್ಜಿಗೆ ಇನ್ನೂ ಯಾಕೆ ಕ್ರಮ ಇಲ್ಲ?’ ಅನ್ನುವುದಕ್ಕೂ ದಾರಿ ಇದೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಕೇಳಿ. ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅನ್ನುವುದು ಅದರಲ್ಲೇ ಕಾಣುತ್ತದೆ. ಅಧಿಕಾರಿಯ ಅಭಿಪ್ರಾಯ ಕೂಡ ಕಡತದಲ್ಲಿ ಬರೆದಿದ್ದರೆ ಅದು ಮಾಹಿತಿಯೇ.

ಕಾಗದವನ್ನೇ ಕೇಳಬೇಕು ಅನ್ನುವುದು ನಮ್ಮಲ್ಲಷ್ಟೇ ಇರುವ ಕಟ್ಟಲೆ ಅಲ್ಲ. ಎಲ್ಲರಿಗಿಂತ ಮೊದಲು, 1766ರಲ್ಲೇ, ಸ್ವೀಡನ್ ಜನರಿಗೆ ಕೊಟ್ಟದ್ದು ಸರ್ಕಾರಿ ಕಾಗದ ನೋಡುವ ಹಕ್ಕು. ಅಮೆರಿಕದ 1966ರ ಕಾನೂನಿನಲ್ಲೂ ಕೇಳಬೇಕಾದ್ದು ದಾಖಲೆಯನ್ನೇ. ಬ್ರಿಟನ್‌ನಲ್ಲಿರುವ ನಮ್ಮವರಿಗೆ ಕೆಲಸ ಇನ್ನೂ ಸಲೀಸು: ಅರ್ಜಿ ಶುಲ್ಕ ಇಲ್ಲ, ಕೌನ್ಸಿಲ್‌ಗೆ ಇಮೇಲ್ ಮಾಡಿದರೆ ಸಾಕು, 20 ಕೆಲಸದ ದಿನಗಳ ಗಡುವು. ಆದರೆ ಹುಡುಕುವ ಖರ್ಚು ಮಿತಿ ಮೀರುತ್ತೆ ಅಂತ ಅಲ್ಲಿ ಅರ್ಜಿ ತಳ್ಳಿಹಾಕಬಹುದು. ಹಾಗಾಗಿ ಅಲ್ಲೂ ಗುರಿಯಿಟ್ಟು ಕೇಳಿದವರೇ ಜಾಣರು.

‘2010ರಿಂದ ಇಲ್ಲಿಯವರೆಗಿನ ಎಲ್ಲ ದಾಖಲೆ’ ಅಂತಂತೂ ದಯವಿಟ್ಟು ಬರೆಯಬೇಡಿ. ಎ4 ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಕಟ್ಟಿ ಅಂತ ಪತ್ರ ಬರುತ್ತದೆ. ಅದಕ್ಕಿಂತ ‘ಕಡತ ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಕೇಳಿ. ಹೋಗಿ ಕೂತು ನೋಡಿ, ಬೇಕಾದ ಪುಟಕ್ಕಷ್ಟೇ ದುಡ್ಡು ಕಟ್ಟಿ. ಈ ಹಕ್ಕನ್ನು ಬಳಸುವವರೇ ಕಡಿಮೆ.

ಕರ್ನಾಟಕದ ನಿಯಮದಲ್ಲಿ ಇನ್ನೆರಡು ಕೊಕ್ಕೆಗಳಿವೆ. ಒಂದು ಅರ್ಜಿಗೆ ಒಂದೇ ವಿಷಯ, ಮತ್ತು ಸಾಮಾನ್ಯವಾಗಿ 150 ಪದದ ಮಿತಿ. ಚರಂಡಿ ಒಂದು ಅರ್ಜಿ, ಬೀದಿದೀಪ ಇನ್ನೊಂದು. ಯಾಕೆ ಬೇಕು ಅಂತ ಕಾರಣ ಕೇಳಿದರೆ ಹೇಳಬೇಕಾಗಿಲ್ಲ, 6(2) ತೋರಿಸಿ. ಅಧಿಕಾರಿಯ ಆಸ್ತಿ, ರಜೆ, ಮನೆ ವಿಷಯ ಕೆದಕಬೇಡಿ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಆರ್‌ಟಿಐ ಕಾಯ್ದೆಯ ತಿದ್ದುಪಡಿಯ ನಂತರ ‘ವೈಯಕ್ತಿಕ ಮಾಹಿತಿ’ ಅಂತ ನಿರಾಕರಿಸುವುದು ಇನ್ನೂ ಸುಲಭವಾಗಿದೆ. ವ್ಯಕ್ತಿಯನ್ನು ಬಿಡಿ, ಕೆಲಸದ ಕಡತ ಹಿಡಿಯಿರಿ.

ಹಂತ 3: ಶುಲ್ಕ, ಅಂಚೆ

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ತೆಗೆದುಕೊಂಡು ಅದರ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ಮಹಾರಾಷ್ಟ್ರದಲ್ಲಿ ಕೋರ್ಟ್ ಫೀ ಸ್ಟಾಂಪ್ ನಡೆಯುತ್ತದೆ ಅಂತ ಇಲ್ಲೂ ಅಂಟಿಸಲು ಹೋಗಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಇಡಿ, ಶುಲ್ಕ ಬೇಡ. ತಾಲ್ಲೂಕು ಕಚೇರಿ ಎದುರು ಮಾರುವ ರೆಡಿಮೇಡ್ ಫಾರಂಗಳಿಗೆ, ನೂರಾರು ರೂಪಾಯಿ ಕೇಳುವ ಖಾಸಗಿ ವೆಬ್‌ಸೈಟ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಸರ್ಕಾರದ್ದೇ ಆನ್‌ಲೈನ್ ಪೋರ್ಟಲ್ ಕೂಡ ಇದೆ. ನನ್ನ ಮಟ್ಟಿಗೆ ಸ್ಪೀಡ್ ಪೋಸ್ಟೇ ಸರಿ: ತಲುಪಿದ ದಿನಾಂಕಕ್ಕೆ ಪುರಾವೆ ಉಳಿಯುತ್ತದೆ. ಅರ್ಜಿಯ ಜೆರಾಕ್ಸ್ ಒಂದನ್ನು ಮನೆಯಲ್ಲಿಡಿ.

ಹಂತ 4: 30 ದಿನ ಕಳೆದ ಮೇಲೆ

ಉತ್ತರ ಕೊಡಲು ಕಚೇರಿಗಿರುವ ಗಡುವು 30 ದಿನ. ಅಷ್ಟರಲ್ಲಿ ಬರದಿದ್ದರೆ ಇನ್ನೊಂದು ಹೊಸ ಅರ್ಜಿ ಹಾಕುತ್ತಾರಲ್ಲ, ಅದು ದೊಡ್ಡ ತಪ್ಪು. ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ, ಅಷ್ಟೇ. ಕಚೇರಿ ಸುಮ್ಮನಿದ್ದರೂ ನಿರಾಕರಿಸಿದಂತೆಯೇ ಲೆಕ್ಕ. ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ, ಅಂದರೆ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅರ್ಜಿಯ ಪ್ರತಿ, ಪೋಸ್ಟ್ ರಸೀದಿ ಲಗತ್ತಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ಸರದಿ ಬರುವುದು ತಡವಾಗಬಹುದು, ತಾಳ್ಮೆ ಇರಲಿ. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಹಾಗಾಗಿ ಮೇಲ್ಮನವಿಯ ನೋಟಿಸ್ ಹೋದ ಮೇಲೆ ಎಷ್ಟೋ ಕಡತಗಳು ದಿಢೀರ್ ಅಂತ ‘ಸಿಗುತ್ತವೆ’.

ಹಾಗೆ ತಡವಾಗಿ ಬಂದ ಪತ್ರದಲ್ಲಿ ‘ಪ್ರತಿಗಳಿಗೆ ಇಷ್ಟು ರೂಪಾಯಿ ಕಟ್ಟಿ’ ಅಂತ ಇದ್ದರೆ ಕಟ್ಟಬೇಡಿ. ಗಡುವು ಮೀರಿದರೆ ಪ್ರತಿ ಉಚಿತ. 7(6) ಅಂತ ಬರೆದು ವಾಪಸ್ ಕಳಿಸಿ.