ಹೊರಮೈ ಪ್ರೋಟೀನಿಗೆ ಬಯೋಟಿನ್ ಹಚ್ಚುವುದು: ನನ್ನ ಅನುಭವ

ನಾನು ಕೆಲಸ ಮಾಡುವುದು ಒಂದು ರಿಸೆಪ್ಟರ್ ಪ್ರೋಟೀನಿನ ಮೇಲೆ. ಅದು ಜೀವಕೋಶದ ಹೊರಮೈ ಮೇಲೆ ಎಷ್ಟಿದೆ, ಒಳಗೆ ಎಷ್ಟು ಕೂತಿದೆ ಅನ್ನುವುದೇ ನನ್ನ ಪ್ರಶ್ನೆ. ಸೆಲ್‌ಗಳನ್ನು ಒಡೆದು ಸುಮ್ನೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ ಮೇಲೆ ಗಾತ್ರದ ಪ್ರಕಾರ ಬೇರೆ ಮಾಡಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡಿದರೆ ಎರಡೂ ಸೇರಿ ಒಂದೇ ಬ್ಯಾಂಡ್ ಆಗಿ ಬರುತ್ತದೆ. ಹಾಗಾಗಿ ಹೊರಗಿರುವುದಕ್ಕೆ ಮಾತ್ರ ಒಂದು ಗುರುತು ಹಚ್ಚಬೇಕು, ಆಮೇಲೆ ಆ ಗುರುತು ಹಿಡಿದು ಎಳೆದು ತೆಗೆಯಬೇಕು. ಅದಕ್ಕೆ ನಾನು ಬಳಸುವುದು ಬಯೋಟಿನ್. ಈ ವಿಧಾನದಲ್ಲಿ ನನ್ನ ಹೆಚ್ಚಿನ ಶ್ರಮ ಹೋಗುವುದು ಒಂದೇ ವಿಷಯಕ್ಕೆ: ಕಣ್ಣಿಗೆ ಬಿದ್ದ ಬಯೋಟಿನ್ ನಾನು ಹಚ್ಚಿದ್ದಾ, ಇಲ್ಲ ಸೆಲ್ ಮೊದಲೇ ಇಟ್ಟುಕೊಂಡಿದ್ದಾ?

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಯೋಟಿನ್ ಅಂದರೆ ವಿಟಮಿನ್ ಬಿ7, ತೂಕ ಬರೀ 244 ಡಾಲ್ಟನ್. ಇಷ್ಟು ಪುಟ್ಟದಾಗಿರುವುದರಿಂದ ಪ್ರೋಟೀನಿಗೆ ಅಂಟಿಸಿದರೂ ಅದರ ಕೆಲಸ ಸಾಮಾನ್ಯವಾಗಿ ಕೆಡುವುದಿಲ್ಲ. ಈ ಬಯೋಟಿನ್ನನ್ನು ಹಿಡಿಯುವ ಪ್ರೋಟೀನ್ ಅವಿಡಿನ್, ಅದು ಇರುವುದು ಮೊಟ್ಟೆಯ ಬಿಳಿಭಾಗದಲ್ಲಿ. ಅದರ ಒಂದು ಅಣುವಿನಲ್ಲಿ ಬಯೋಟಿನ್ ಕೂರಲು ನಾಲ್ಕು ಜಾಗ ಇವೆ. ಇವೆರಡರ ಬಂಧ ಫೆಮ್ಟೋಮೋಲಾರ್ ಮಟ್ಟದ್ದು, ಪ್ರಕೃತಿಯಲ್ಲಿ ನಮಗೆ ಗೊತ್ತಿರುವ ಅತಿ ಗಟ್ಟಿ ನಾನ್‌ಕೋವೇಲೆಂಟ್ ಬಂಧಗಳಲ್ಲಿ ಒಂದು. ಉಪ್ಪು ಹಾಕಿ, ಡಿಟರ್ಜೆಂಟ್ ಹಾಕಿ, ಯೂರಿಯಾ ಹಾಕಿ ತೊಳೆದರೂ ಜಪ್ಪಯ್ಯ ಅನ್ನುವುದಿಲ್ಲ. 1970ರ ದಶಕದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಮೇಯರ್ ವಿಲ್ಚೆಕ್ ಮತ್ತು ಎಡ್ವರ್ಡ್ ಬೇಯರ್ ಇದನ್ನು ಎಲ್ಲರೂ ಬಳಸಬಹುದಾದ ಲ್ಯಾಬ್ ಸಾಧನವಾಗಿ ಬೆಳೆಸಿದರು.

ಆದರೆ ನಾನು ಮೊಟ್ಟೆಯ ಅವಿಡಿನ್ ಬಳಸುವುದು ತೀರಾ ಕಡಿಮೆ. ಅದರ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಸುಮಾರು 10. ಅಂದರೆ ನಮ್ಮ ಬಫರ್‌ಗಳಲ್ಲಿ ಅದಕ್ಕೆ ಪಾಸಿಟಿವ್ ಚಾರ್ಜ್ ಇರುತ್ತದೆ, ಡಿಎನ್ಎಗೂ ಸೆಲ್ಲಿನ ಹೊರಪೊರೆಗೂ ಸುಮ್ಮಸುಮ್ಮನೆ ಅಂಟಿಕೊಳ್ಳುತ್ತದೆ. ಮೇಲೆ ಸಕ್ಕರೆ ಸರಪಳಿಗಳೂ ಇರುವುದರಿಂದ ಸಕ್ಕರೆ ಹಿಡಿಯುವ ಪ್ರೋಟೀನುಗಳಾದ ಲೆಕ್ಟಿನ್‌ಗಳು ಬಂದು ಹಿಡಿಯುತ್ತವೆ. ಬ್ಯಾಕ್ಟೀರಿಯಾದಿಂದ ಬರುವ, ಹಾಗೇ ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್‌ಗೆ ಸಕ್ಕರೆ ಇಲ್ಲ, ಆ ಚಾರ್ಜೂ ಇಲ್ಲ. ಅದೂ ಪೂರ್ತಿ ನಿರಪರಾಧಿ ಏನಲ್ಲ, ಅದರಲ್ಲಿರುವ ಒಂದು ಮೂರು ಅಮೈನೋ ಆಮ್ಲದ ತುಣುಕು ಇಂಟಿಗ್ರಿನ್ (ಸೆಲ್ಲಿನ ಹೊರಮೈಯ ಒಂದು ಅಂಟುವ ಪ್ರೋಟೀನ್) ಹಿಡಿಯುವ ತುಣುಕಿಗೆ ಹತ್ತಿರದ್ದು, ಹಾಗಾಗಿ ಕೆಲವು ಸೆಲ್‌ಗಳಲ್ಲಿ ಅದರಿಂದಲೂ ಬ್ಯಾಕ್‌ಗ್ರೌಂಡ್ ಬರಬಹುದು. ಅಂಥ ಕಡೆ ಸಕ್ಕರೆ ತೆಗೆದ ಅವಿಡಿನ್, ಅಂದರೆ ನ್ಯೂಟ್ರಾವಿಡಿನ್, ಒಳ್ಳೆಯ ಆಯ್ಕೆ.

ಈಗ ಹಚ್ಚುವ ಕೆಲಸಕ್ಕೆ ಬರೋಣ. ನಾನು ಬಳಸುವುದು ಸಲ್ಫೋ-ಎನ್ಎಚ್ಎಸ್-ಎಸ್ಎಸ್-ಬಯೋಟಿನ್. ಹೆಸರು ಉದ್ದ, ಆದರೆ ಪ್ರತಿ ತುಂಡಿಗೂ ಒಂದು ಕೆಲಸ ಇದೆ. ಎನ್ಎಚ್ಎಸ್ ಭಾಗ ಪ್ರೋಟೀನಿನಲ್ಲಿ ಅಮೀನ್ ಗುಂಪು ಇರುವ ಅಮೈನೋ ಆಮ್ಲವಾದ ಲೈಸಿನ್‌ಗೆ ಹೋಗಿ ಕೂರುತ್ತದೆ. ಸಲ್ಫೋ ಭಾಗಕ್ಕೆ ಚಾರ್ಜ್ ಇರುವುದರಿಂದ ಅದು ಜೀವಂತ ಸೆಲ್ಲಿನ ಪೊರೆ ದಾಟಿ ಒಳಗೆ ಹೋಗಲಾರದು. ಮಧ್ಯದ ಎಸ್ಎಸ್ ಅಂದರೆ ಡೈಸಲ್ಫೈಡ್ ಕೊಂಡಿ, ಡಿಟಿಟಿ (ಇಂಥ ಕೊಂಡಿ ಒಡೆಯುವ ರಾಸಾಯನಿಕ) ಹಾಕಿದರೆ ಮುರಿಯುತ್ತದೆ. ಇದರ ಬೆಲೆ ಆಮೇಲೆ ಗೊತ್ತಾಗುತ್ತದೆ.

ಎನ್ಎಚ್ಎಸ್ ನೀರು ಕಂಡರೆ ತಾನಾಗಿ ಒಡೆಯುತ್ತಾ ಹೋಗುತ್ತದೆ. ಪಿಎಚ್ 7, ಐಸ್ ಮೇಲೆ ಆದರೆ ಅರ್ಧ ಹಾಳಾಗಲು ಕೆಲವು ಗಂಟೆ ಬೇಕು, ಪಿಎಚ್ 8.6 ಆದರೆ 4 ಡಿಗ್ರಿಯಲ್ಲೂ ಹತ್ತೇ ನಿಮಿಷ ಸಾಕು. ಅದಕ್ಕೇ ಫ್ರೀಜರಿನಿಂದ ತೆಗೆದ ಡಬ್ಬಿಯನ್ನು ರೂಮಿನ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯದೆ ಇಡುತ್ತೇನೆ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪುಡಿ ಮೇಲೆ ಕೂತು, ಮುಂದಿನ ಸಲ ತೂಗುವಾಗ ಅರ್ಧ ಸತ್ತ ಪುಡಿಯನ್ನು ತೂಗಿದ ಹಾಗಾಗುತ್ತದೆ. ಕರಗಿಸುವುದು ಎಲ್ಲ ಸಿದ್ಧವಾದ ಮೇಲೆ, ಕೊನೆಯಲ್ಲಿ. ಉಳಿದ ದ್ರಾವಣವನ್ನು ನಾಳೆಗೆ ಅಂತ ಇಡುವುದಿಲ್ಲ.

ಬಫರ್‌ನಲ್ಲಿ ಟ್ರಿಸ್ ಇರಬಾರದು, ಗ್ಲೈಸಿನ್ ಇರಬಾರದು. ಎರಡಕ್ಕೂ ಅಮೀನ್ ಇದೆ, ಬಯೋಟಿನ್ ಎಲ್ಲ ಅವಕ್ಕೇ ಖರ್ಚಾಗುತ್ತದೆ. ಸೀರಮ್ ಕೂಡ ಹಾಗೇ, ಹಾಗಾಗಿ ಸೆಲ್ ಬೆಳೆಸಿದ ಮೀಡಿಯಂ ತೆಗೆದು ತಣ್ಣಗಿನ ಫಾಸ್ಫೇಟ್ ಉಪ್ಪುನೀರಿನ ಬಫರ್, ಅಂದರೆ ಪಿಬಿಎಸ್‌ನಲ್ಲಿ ಚೆನ್ನಾಗಿ ತೊಳೆಯಬೇಕು. ಪಿಬಿಎಸ್‌ಗೆ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸುತ್ತೇನೆ, ಇಲ್ಲದಿದ್ದರೆ ಸೆಲ್‌ಗಳು ಡಿಶ್ ಬಿಟ್ಟು ಏಳುತ್ತವೆ. ಪಿಎಚ್ 8ಕ್ಕೆ ಸರಿಮಾಡಿ, ಮಿಲಿಲೀಟರಿಗೆ 0.5 ಮಿಲಿಗ್ರಾಂ ಬಯೋಟಿನ್ ಹಾಕಿ, 30 ನಿಮಿಷ ಐಸ್ ಮೇಲೆ ಮೆಲ್ಲಗೆ ಅಲುಗಾಡಿಸುತ್ತೇನೆ. ದ್ರಾವಣವನ್ನು ಡಿಶ್ಶಿನ ಅಂಚಿನಿಂದ ಇಳಿಸಬೇಕು, ನೇರವಾಗಿ ಸೆಲ್ ಮೇಲೆ ಸುರಿದರೆ ಪದರ ಹರಿಯುತ್ತದೆ, ಹರಿದ ಕಡೆ ಸತ್ತ ಸೆಲ್‌ಗಳ ಒಳಕ್ಕೆಲ್ಲ ಬಯೋಟಿನ್ ನುಗ್ಗುತ್ತದೆ. ಐಸ್ ಬಿಡಲೇಬಾರದು. ಬಿಸಿ ಸಿಕ್ಕ ಕೂಡಲೇ ಎಂಡೋಸೈಟೋಸಿಸ್ ಶುರುವಾಗಿ ಹೊರಗಿನದು ಒಳಗೆ ಹೋಗುತ್ತದೆ, ಆಗ ನಾನು ಅಳೆಯುತ್ತಿರುವುದು ಏನು ಅನ್ನುವುದೇ ಬದಲಾಗಿಬಿಡುತ್ತದೆ. ಕೊನೆಗೆ 100 ಮಿಲಿಮೋಲಾರ್ ಗ್ಲೈಸಿನ್ ಹಾಕಿ ಉಳಿದದ್ದನ್ನು ನಿಲ್ಲಿಸುತ್ತೇನೆ. ಆಗ ಬೇಡವಾಗಿದ್ದ ಗ್ಲೈಸಿನ್ ಈಗ ಬೇಕು.

ಆಮೇಲೆ ಸೆಲ್ ಒಡೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಸ್ಟ್ರೆಪ್ಟಾವಿಡಿನ್ ಮಣಿಗಳ ಜೊತೆ 4 ಡಿಗ್ರಿಯಲ್ಲಿ ತಿರುಗಿಸುವುದು. ಒಡೆಯುವ ಬಫರ್‌ನಲ್ಲಿ ಡಿಟಿಟಿ, ಮರ್ಕ್ಯಾಪ್ಟೋಎಥನಾಲ್ ಎರಡೂ ಇರಬಾರದು, ಇದ್ದರೆ ಹಚ್ಚಿದ ಗುರುತು ಅಲ್ಲೇ ಕಳಚಿ ಹೋಗುತ್ತದೆ. ತೊಳೆಯುವುದಕ್ಕೆ ಜಿಪುಣತನ ಬೇಡ, ಬಂಧ ಅಷ್ಟು ಗಟ್ಟಿ ಇರುವಾಗ ಜಾಸ್ತಿ ಉಪ್ಪಿನ ಬಫರ್ ಧೈರ್ಯವಾಗಿ ಬಳಸಬಹುದು.

ಇನ್ನು ನನ್ನ ಮುಖ್ಯ ಮಾತು. ಯಾವ ಸೆಲ್ ಆದರೂ ಅದರೊಳಗೆ ಅದರದೇ ಬಯೋಟಿನ್ ಇರುತ್ತದೆ, ಅದೂ ಪ್ರೋಟೀನಿಗೆ ಅಂಟಿಕೊಂಡೇ. ಪೈರುವೇಟ್ ಕಾರ್ಬಾಕ್ಸಿಲೇಸ್, ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್, ಪ್ರೊಪಿಯೊನೈಲ್-ಕೋಎ ಕಾರ್ಬಾಕ್ಸಿಲೇಸ್, ಇಂಥವು. ಇವು ಬಯೋಟಿನ್ ಇಲ್ಲದೆ ಕೆಲಸವನ್ನೇ ಮಾಡುವುದಿಲ್ಲ. ಬಯೋಟಿನ್ ಹಚ್ಚದ ಸೆಲ್‌ಗಳ ಲೈಸೇಟನ್ನೇ (ಸೆಲ್ ಒಡೆದು ತೆಗೆದ ತಿಳಿಯನ್ನೇ) ಜೆಲ್ ಮೇಲೆ ಓಡಿಸಿ, ಬ್ಲಾಟ್ ಮಾಡಿ, ಸಿಗ್ನಲ್ ಕೊಡುವ ಪೆರಾಕ್ಸಿಡೇಸ್ ಎಂಜೈಮ್ ಕಟ್ಟಿದ ಸ್ಟ್ರೆಪ್ಟಾವಿಡಿನ್, ಅಂದರೆ ಸ್ಟ್ರೆಪ್ಟಾವಿಡಿನ್-ಎಚ್ಆರ್‌ಪಿ ಹಾಕಿ ನೋಡಿ. ಖಾಲಿ ಇರಬೇಕಾದ ಲೇನಿನಲ್ಲಿ ಸುಮಾರು 75 ಕಿಲೋಡಾಲ್ಟನ್ ಹತ್ತಿರ ಗಾಢ ಬ್ಯಾಂಡ್ ಇರುತ್ತದೆ, ಅದರ ಮೇಲೆ 130ರ ಆಸುಪಾಸಿನಲ್ಲಿ ಇನ್ನೊಂದು, ಚೆನ್ನಾಗಿ ಬಂದ ಬ್ಲಾಟ್ ಆದರೆ ಜೆಲ್ಲಿನ ತುದಿಯ ಹತ್ತಿರ ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸಿನದು. ನಿಮ್ಮ ಪ್ರೋಟೀನ್ ಕೂಡ 75ರ ಹತ್ತಿರವೇ ಇದ್ದರೆ ಏನಾಗುತ್ತದೆ ಯೋಚಿಸಿ. ಮೈಕ್ರೋಸ್ಕೋಪಿನಲ್ಲೂ ಇದೇ ಕಥೆ. ಪೊರೆ ತೂತು ಮಾಡಿದ ಸೆಲ್‌ಗಳಿಗೆ ಬರೀ ಫ್ಲೋರೊಸೆಂಟ್ ಸ್ಟ್ರೆಪ್ಟಾವಿಡಿನ್ ಹಾಕಿದರೂ ನ್ಯೂಕ್ಲಿಯಸ್ ಸುತ್ತ ನೂಲು ನೂಲಾಗಿ ಹೊಳೆಯುತ್ತದೆ. ಎಷ್ಟು ಚಂದದ ಚಿತ್ರ ಅಂದರೆ ನಂಬಿಬಿಡೋಣ ಅನಿಸುತ್ತದೆ. ಅದು ಮೈಟೊಕಾಂಡ್ರಿಯಾ, ಆ ಕಾರ್ಬಾಕ್ಸಿಲೇಸ್‌ಗಳು ಹೆಚ್ಚಾಗಿ ಇರುವುದೇ ಅಲ್ಲಿ.

ಆದ್ದರಿಂದ ಬಯೋಟಿನ್ ಹಚ್ಚದ ಒಂದು ಡಿಶ್ ಇಲ್ಲದೆ ನಾನು ಪ್ರಯೋಗ ಶುರು ಮಾಡುವುದೇ ಇಲ್ಲ. ಅದಕ್ಕೂ ಉಳಿದದ್ದೆಲ್ಲ ಹಾಗೇ, ಅದೇ ಐಸ್, ಅದೇ ತೊಳೆತ, ಅದೇ ಮಣಿ. ಎರಡನೆಯದು, ಎಳೆದು ತೆಗೆದ ಭಾಗದಲ್ಲಿ ಆಕ್ಟಿನ್ ಅಥವಾ ಜಿಎಪಿಡಿಎಚ್ ಇದೆಯಾ ಅಂತ ನೋಡುವುದು. ಅವು ಒಳಗಿನ ಪ್ರೋಟೀನ್‌ಗಳು. ಅಲ್ಲಿ ಅವು ಜೋರಾಗಿ ಕಂಡರೆ ಸೆಲ್‌ಗಳು ಸತ್ತಿದ್ದವು ಇಲ್ಲವೇ ಪೊರೆ ಸೋರಿತ್ತು ಅಂತಲೇ ಲೆಕ್ಕ, ಆ ಸಲದ ಹೊರಮೈ ಸಂಖ್ಯೆಯನ್ನು ಬಿಟ್ಟುಬಿಡಬೇಕು.

ಡೈಸಲ್ಫೈಡ್ ಕೊಂಡಿ ಕೈಹಿಡಿಯುವುದು ಇಲ್ಲೇ. ಮಣಿಗಳನ್ನು ಡಿಟರ್ಜೆಂಟ್ ಆದ ಎಸ್‌ಡಿಎಸ್‌ನಲ್ಲಿ ಕುದಿಸಿದರೆ ನಾನು ಹಚ್ಚಿದ್ದೂ ಬರುತ್ತದೆ, ಸೆಲ್ಲಿನ ಸ್ವಂತ ಕಾರ್ಬಾಕ್ಸಿಲೇಸೂ ಬರುತ್ತದೆ, ಸ್ಟ್ರೆಪ್ಟಾವಿಡಿನ್ ತುಂಡುಗಳೂ ಬರುತ್ತವೆ. ಕುದಿಸದೆ 50 ಮಿಲಿಮೋಲಾರ್ ಡಿಟಿಟಿ ಹಾಕಿ ಬಿಡಿಸಿದರೆ, ನಾನು ಹಚ್ಚಿದ ಗುರುತಿನ ಮಧ್ಯದ ಕೊಂಡಿ ಮುರಿದು ಪ್ರೋಟೀನ್ ಮಾತ್ರ ಕೆಳಗಿಳಿಯುತ್ತದೆ. ಸೆಲ್ಲಿನ ಬಯೋಟಿನ್‌ಗೆ ಅಂಥ ಕೊಂಡಿ ಇಲ್ಲ, ಅದು ಮಣಿ ಮೇಲೇ ಉಳಿಯುತ್ತದೆ. ಬಯೋಟಿನ್ ರಾಸಾಯನಿಕಗಳಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು, ಎರಡು ಬಯೋಟಿನ್‌ಗಳನ್ನು ಇಷ್ಟು ಸರಳವಾಗಿ ಬೇರೆ ಮಾಡುವ ದಾರಿ ಇನ್ನೊಂದಿಲ್ಲ.

ಅಂಗಾಂಶದ ಸೆಕ್ಷನ್‌ಗಳಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಪ್ರೋಟೀನಿಗೆ ಅಂಟಿದ ಮೊದಲ ಆಂಟಿಬಾಡಿಯನ್ನು ಹಿಡಿಯುವ, ಬಯೋಟಿನ್ ಹಚ್ಚಿದ ಸೆಕೆಂಡರಿ ಆಂಟಿಬಾಡಿ, ಅದರ ಮೇಲೆ ಅವಿಡಿನ್ ಮತ್ತು ಬಯೋಟಿನ್-ಪೆರಾಕ್ಸಿಡೇಸ್ ಸೇರಿದ ಸಂಕೀರ್ಣ, ಅಂದರೆ ಎಬಿಸಿ ವಿಧಾನ. ಇದು 1981ರಿಂದ ಬಳಕೆಯಲ್ಲಿದೆ. ಅವಿಡಿನ್, ಬಯೋಟಿನ್-ಪೆರಾಕ್ಸಿಡೇಸ್ ಎರಡನ್ನೂ ಬಳಸುವ 30 ನಿಮಿಷ ಮೊದಲೇ ಬೆರೆಸಿಡಬೇಕು, ಸಂಕೀರ್ಣ ಕಟ್ಟಿಕೊಳ್ಳಲು ಸಮಯ ಬೇಕು. ಸಿಗ್ನಲ್ ಜಾಸ್ತಿ ಆಗಲಿ ಅಂತ ಬಯೋಟಿನ್-ಪೆರಾಕ್ಸಿಡೇಸನ್ನು ಹೆಚ್ಚು ಹಾಕಿದರೆ ಅವಿಡಿನ್ನಿನ ನಾಲ್ಕೂ ಜಾಗ ತುಂಬಿ, ಆಂಟಿಬಾಡಿ ಮೇಲಿನ ಬಯೋಟಿನ್ ಹಿಡಿಯಲು ಏನೂ ಉಳಿಯುವುದಿಲ್ಲ. ಪೆರಾಕ್ಸಿಡೇಸ್ ಇರುವ ಬಫರ್‌ಗೆ ಸೋಡಿಯಂ ಅಜೈಡ್ ಹಾಕಬೇಡಿ, ಎಂಜೈಮ್ ಸಾಯುತ್ತದೆ. ಹಾಲಿನ ಪುಡಿಯಿಂದ ಬ್ಲಾಕ್ ಮಾಡುವ (ಬೇಡದ ಕಡೆ ಅಂಟುವುದನ್ನು ತಡೆಯುವ) ಅಭ್ಯಾಸ ಇದ್ದವರು ಇಲ್ಲಿ ಬಿಎಸ್ಎಗೆ (ಹಸುವಿನ ಸೀರಮ್ ಆಲ್ಬುಮಿನ್) ಬರಬೇಕು, ಹಾಲಿನಲ್ಲೇ ಬಯೋಟಿನ್ ಇದೆ. ಅಂಗಾಂಶದ ಸ್ವಂತ ಬಯೋಟಿನ್ ಮುಚ್ಚಲು ಮೊದಲು ಬರೀ ಅವಿಡಿನ್, ತೊಳೆದು ಆಮೇಲೆ ಬರೀ ಬಯೋಟಿನ್, ತಲಾ 15 ನಿಮಿಷ. ಎರಡನೇ ಹೆಜ್ಜೆ ಬಿಡಬೇಡಿ, ಮೊದಲು ಹಾಕಿದ ಅವಿಡಿನ್ನಿನ ಖಾಲಿ ಜಾಗಗಳನ್ನು ತುಂಬುವುದು ಅದೇ.

ಲಿವರ್, ಕಿಡ್ನಿ ಸೆಕ್ಷನ್‌ಗಳಲ್ಲಿ ನಾನು ಇದಕ್ಕೂ ಕೈ ಹಾಕುವುದಿಲ್ಲ. ಅಲ್ಲಿ ಸ್ವಂತ ಬಯೋಟಿನ್ ತುಂಬಾ ಇರುತ್ತದೆ, ಆಂಟಿಬಾಡಿಗೆ ಪ್ರೋಟೀನ್ ಮತ್ತೆ ಸಿಗುವಂತೆ ಮಾಡುವ ಆಂಟಿಜೆನ್ ರಿಟ್ರೀವಲ್‌ಗೆ ಕಾಯಿಸಿದರೆ ಇನ್ನೂ ಹೊರಬರುತ್ತದೆ. ಎಷ್ಟು ಬ್ಲಾಕ್ ಮಾಡಿದರೂ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಪಾಲಿಮರ್‌ಗೆ ನೇರವಾಗಿ ಎಂಜೈಮ್ ಕಟ್ಟಿದ ಕಿಟ್‌ಗಳು ಇವೆ, ಅದರಲ್ಲಿ ಬಯೋಟಿನ್ ಇಲ್ಲವೇ ಇಲ್ಲ. ಬಯೋಟಿನ್ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡೂ ಹೇಳುತ್ತೇನೆ, ಅಲ್ಲಿ ಆ ಕಿಟ್ಟುಗಳನ್ನೇ ಬಳಸಿ.

ಈಗ ತುಂಬಾ ಜನ ಕೇಳುವುದು ಟರ್ಬೊಐಡಿ ಅನ್ನುವ, ಬಯೋಟಿನ್ ಹಚ್ಚುವ ಎಂಜೈಮಿನ ಬಗ್ಗೆ. ನಮಗೆ ಬೇಕಾದ ಪ್ರೋಟೀನಿಗೆ ಆ ಎಂಜೈಮ್ ಜೋಡಿಸಿದರೆ ಅದು ಅಕ್ಕಪಕ್ಕದ ಪ್ರೋಟೀನ್‌ಗಳಿಗೆ ಜೀವಂತ ಸೆಲ್ಲಿನೊಳಗೇ ಬಯೋಟಿನ್ ಹಚ್ಚುತ್ತದೆ, ಹಳೆಯ ಬಯೋಐಡಿಗೆ ಸುಮಾರು ಒಂದು ದಿನ ಬೇಕಿದ್ದ ಕಡೆ ಇದಕ್ಕೆ 10 ನಿಮಿಷ ಸಾಕು. ಆದರೆ ಅದು ಎಷ್ಟು ಚುರುಕು ಅಂದರೆ ನೀವು ಬಯೋಟಿನ್ ಹಾಕುವ ಮೊದಲೇ ಮೀಡಿಯಂನಲ್ಲಿರುವುದನ್ನು ಹಿಡಿದು ಕೆಲಸ ಶುರು ಮಾಡಿರುತ್ತದೆ. ಆರ್‌ಪಿಎಂಐ 1640 ಮೀಡಿಯಂನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಬಯೋಟಿನ್ ಇದೆ, ಸಾಮಾನ್ಯ ಡಿಎಂಇಎಂನಲ್ಲಿ ಇಲ್ಲ, ಸೀರಮ್‌ನಿಂದ ಮಾತ್ರ ಬರುತ್ತದೆ. ಹಾಗಾಗಿ ಡಯಾಲಿಸಿಸ್ ಮಾಡಿ ಬಯೋಟಿನ್ ತೆಗೆದ ಸೀರಮ್ ಬಳಸುವುದು ಒಳ್ಳೆಯದು. ಮಣಿಗೆ ಹಾಕುವ ಮೊದಲು ಬಿಡಿ ಬಯೋಟಿನ್ ತೆಗೆಯುವುದೂ ಮುಖ್ಯ, ಉಳಿದರೆ ಮಣಿಗಳ ಜಾಗ ಎಲ್ಲ ಅದೇ ತಿಂದುಬಿಡುತ್ತದೆ.

ಹೊರಮೈ ಕೆಲಸಕ್ಕೆ ಮತ್ತೆ ಬಂದರೆ, ಇದೇ ಗುರುತಿನಿಂದ ರಿಸೆಪ್ಟರ್ ಒಳಗೆ ಹೋಗುವ ವೇಗವನ್ನೂ ನೋಡಬಹುದು. ಐಸ್ ಮೇಲೆ ಹಚ್ಚಿ, ಕೆಲವು ಡಿಶ್‌ಗಳನ್ನು ಬೇರೆ ಬೇರೆ ಹೊತ್ತು 37 ಡಿಗ್ರಿಗೆ ಇಟ್ಟು, ಮತ್ತೆ ಐಸ್ ಮೇಲೆ ತಂದು, ಪೊರೆ ದಾಟದ, ಡೈಸಲ್ಫೈಡ್ ಕೊಂಡಿ ಒಡೆಯುವ ಮೆಸ್ನಾ ಹಾಕಿ ಹೊರಗೆ ಉಳಿದ ಗುರುತನ್ನೆಲ್ಲ ಕಳಚುತ್ತೇನೆ. ಒಳಗೆ ಹೋದದ್ದಕ್ಕೆ ಮಾತ್ರ ಬಯೋಟಿನ್ ಉಳಿದಿರುತ್ತದೆ. ಮೆಸ್ನಾ ಆದ ಮೇಲೆ ಅಯೋಡೋಅಸಿಟಮೈಡ್ ಹಾಕಿ ಅದರ ಕೆಲಸ ನಿಲ್ಲಿಸಬೇಕು. ಇದರಲ್ಲಿ ನಾನು ಮೊದಲು ನೋಡುವುದು ಬಿಸಿಗೇ ಇಡದೆ ನೇರವಾಗಿ ಕಳಚಿದ ಡಿಶ್ಶಿನ ಲೇನನ್ನು. ಅಲ್ಲಿ ಬ್ಯಾಂಡ್ ಹೆಚ್ಚುಕಡಿಮೆ ಖಾಲಿ ಇದ್ದರೆ ಮಾತ್ರ ಪಕ್ಕದ ಲೇನ್‌ಗಳ ಅಳತೆಗೆ ಕೈ ಹಾಕುತ್ತೇನೆ. ಇಲ್ಲದಿದ್ದರೆ ಮೆಸ್ನಾ ಹೊಸದಾಗಿ ಕರಗಿಸಿ, ಬಫರಿನ ಪಿಎಚ್ ಇನ್ನೊಮ್ಮೆ ನೋಡಿ, ಮೊದಲಿನಿಂದ ಮಾಡುತ್ತೇನೆ.