ಊರಿನ ಸಂಸ್ಥೆಯ ವರ್ಷದ ವರದಿ: ಊರವರೂ ಓದುವಂತೆ ಬರೆಯುವುದು ಹೇಗೆ?

ಮಾರ್ಚ್ 31 ಕಳೆಯಿತು ಅಂದರೆ ಸಣ್ಣ ಸಂಸ್ಥೆಗಳಲ್ಲಿ ಗಡಿಬಿಡಿ ಶುರು. ಆಡಿಟರ್ ವೋಚರ್ ಕೇಳುತ್ತಾರೆ, ಸರ್ವಸದಸ್ಯರ ಸಭೆಗೆ ದಿನ ಗೊತ್ತು ಮಾಡಬೇಕು, ವರದಿಯೂ ಆಗಬೇಕು. ಆಗ ಹೋದ ವರ್ಷದ ಫೈಲು ತೆಗೆದು, ಇಸವಿ ಬದಲಿಸಿ, ‘ಹಲವಾರು ಕಾರ್ಯಕ್ರಮಗಳನ್ನು ಯಶಸ್ವಿಯಾಗಿ ಹಮ್ಮಿಕೊಳ್ಳಲಾಯಿತು’ ಅಂತ ಬರೆದು ಮುಗಿಸುವವರೇ ಜಾಸ್ತಿ. ದಯವಿಟ್ಟು ಬೇಡ. ಆ ಸಾಲು ಯಾವ ಊರಿಗೂ, ಯಾವ ವರ್ಷಕ್ಕೂ ಹೊಂದುತ್ತದೆ.

ಮೊದಲು ಕಂಪ್ಯೂಟರ್ ಮುಚ್ಚಿ, ಪುಸ್ತಕಗಳನ್ನು ತೆಗೆಯಿರಿ. ಸ್ವಸಹಾಯ ಸಂಘಗಳ ಕೆಲಸವಾದರೆ ಬೇಕಾದ್ದೆಲ್ಲ ನಡಾವಳಿ ಪುಸ್ತಕ, ಉಳಿತಾಯದ ಲೆಡ್ಜರ್, ಬ್ಯಾಂಕ್ ಪಾಸ್‌ಬುಕ್‌ನಲ್ಲೇ ಇರುತ್ತದೆ. ನಮ್ಮ ರಾಜ್ಯಕ್ಕೆ ಇದೇನು ಹೊಸದಲ್ಲ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ಇಂಥ ಗುಂಪುಗಳ ಜೊತೆ ಕೆಲಸ ಮಾಡುತ್ತಿತ್ತು, 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಸಂಘ ಗಟ್ಟಿಯಾಗಿದೆಯಾ ಅಂತ ನೋಡಲು ಪಂಚಸೂತ್ರ ಇದೆಯಲ್ಲ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೇ ಸಾಲ ಕೊಡುವುದು, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ವರದಿಗೂ ಅವೇ ಸಾಕು. ಹೊಸದಾಗಿ ಎಷ್ಟು ಸಂಘ ಕಟ್ಟಿದಿರಿ ಅನ್ನುವುದಕ್ಕಿಂತ ಹಳೆಯವು ಎಷ್ಟು ಇನ್ನೂ ಸೇರುತ್ತಿವೆ, ಎಷ್ಟು ಮುಚ್ಚಿದವು, ಸಾಲ ಎಮ್ಮೆಗೆ ಹೋಯಿತಾ, ಮಗಳ ಫೀಸಿಗಾ, ಬಡ್ಡಿಯವರ ಬಾಕಿ ತೀರಿಸಲಿಕ್ಕಾ, ಅದನ್ನು ಬರೆಯಿರಿ.

ಯಾವ ಅಂಕಿಯನ್ನೂ ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲಿ ಹೋದ ವರ್ಷದ್ದು ಇರಲಿ. ಹೊಲಿಗೆ ತರಬೇತಿಗೆ 30 ಜನ ಬಂದರು ಅಂದರೆ ಬಂದದ್ದಷ್ಟೇ ಗೊತ್ತಾಗುತ್ತದೆ. ಆರು ತಿಂಗಳ ಮೇಲೆ ಅವರಲ್ಲಿ ಎಷ್ಟು ಜನ ಹೊಲಿದು ದುಡಿಯುತ್ತಿದ್ದಾರೆ? ಫೋನ್ ಮಾಡಿ ಕೇಳಿ. ನಾಲ್ಕೇ ಜನ ಅಂದರೆ ನಾಲ್ಕು ಅಂತಲೇ ಹಾಕಿ, ಉಳಿದವರು ಯಾಕೆ ಬಿಟ್ಟರು ಅನ್ನುವುದನ್ನೂ ಹಾಕಿ. ಮುಂದಿನ ವರ್ಷ ಏನು ಮಾಡಬೇಕು ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕೆರೆ ಹೂಳೆತ್ತಿಸಿದ್ದರೆ ಲೆಕ್ಕ ಇನ್ನೂ ಸುಲಭ. ಒಂದು ಘನ ಮೀಟರ್ ಹೂಳು ತೆಗೆದರೆ 1,000 ಲೀಟರ್ ನೀರು ನಿಲ್ಲುವ ಜಾಗ ಆಗುತ್ತದೆ. ಆದರೆ ಟ್ರಾಲಿ ಎಣಿಸಿ ಗುಣಿಸಿಬಿಡಬೇಡಿ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಟ್ರಾಲಿಯ ಲೆಕ್ಕ ಯಾವಾಗಲೂ ಹೆಚ್ಚೇ ಬರುತ್ತದೆ. ಅಗೆದ ಗುಂಡಿಯ ಉದ್ದ, ಅಗಲ, ಆಳ ಅಳೆಯಿರಿ. ಹೂಳನ್ನು ಯಾರ ಹೊಲಕ್ಕೆ ಹೊಡೆದರು, ಮಳೆ ಬಂದ ಮೇಲೆ ಸುತ್ತಲ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಏರಿತಾ, ಅದೂ ಇರಲಿ. ಮಳೆಯೇ ಚೆನ್ನಾಗಿ ಆದ ವರ್ಷ ನೀರು ಹೆಚ್ಚಿದ್ದನ್ನೆಲ್ಲ ಸಂಸ್ಥೆಯ ಖಾತೆಗೆ ಬರೆದುಕೊಳ್ಳಬೇಡಿ ಮತ್ತೆ. ತಾಲ್ಲೂಕಿನ ಮಳೆ ಅಂಕಿಯನ್ನೂ ಪಕ್ಕದಲ್ಲಿ ಹಾಕಿದರೆ ಓದುವವರು ತಾವೇ ತೂಗಿ ನೋಡುತ್ತಾರೆ.

ದುಡ್ಡಿನ ವಿಷಯ ಒಂದು ಪುಟ ಸಾಕು: ಎಲ್ಲಿಂದ ಬಂತು, ಎಲ್ಲಿ ಹೋಯಿತು, ಎಷ್ಟು ಉಳಿಯಿತು. ಸಂಬಳ, ಪೆಟ್ರೋಲ್, ಬಾಡಿಗೆಯನ್ನು ‘ಇತರೆ’ಯಲ್ಲಿ ಬಚ್ಚಿಡಬೇಡಿ, ಕೆಲಸ ಮಾಡುವವರಿಗೂ ಹೊಟ್ಟೆ ಇದೆ.

ಫೋಟೊ ಹಾಕುವ ಮುಂಚೆ ಅದರಲ್ಲಿರುವವರನ್ನು ಕೇಳಿ, ಯಾತಕ್ಕೆ ಅಂತಲೂ ಹೇಳಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ. ಸುಮ್ನೆ ಕಣ್ಣೀರಿನ ಫೋಟೊ ಹುಡುಕುವುದು ನನಗಂತೂ ಹಿಡಿಸುವುದಿಲ್ಲ. ದೀಪ ಬೆಳಗಿಸುವ ಅತಿಥಿಗಳ ಫೋಟೊ ಒಂದಕ್ಕೆ ನಿಲ್ಲಿಸಿ, ಆ ಜಾಗದಲ್ಲಿ ದುರಸ್ತಿಯಾದ ತೂಬಿನ ಫೋಟೊ ಬರಲಿ.

ಕರಡು ಆದ ಮೇಲೆ ಪ್ರೆಸ್ಸಿಗೆ ಓಡಬೇಡಿ. ಸಂಘದ ಸಭೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಜೋರಾಗಿ ಓದಿ. ‘ಆ ಕುಡಿಯುವ ನೀರಿನ ಮೋಟರು ಸುಟ್ಟು ಮೂರು ತಿಂಗಳಾಯಿತಲ್ಲ’ ಅಂತ ಯಾರಾದರೂ ಅಜ್ಜಿ ಹೇಳಿಯೇ ಹೇಳುತ್ತಾರೆ. ವರದಿಯಲ್ಲಿ ಕುಡಿಯುವ ನೀರಿನ ಸಾಲನ್ನು ಅಲ್ಲೇ ತಿದ್ದಿಕೊಳ್ಳಿ.

ಇನ್ನು ಗಡುವುಗಳು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘವಾದರೆ, ಸರ್ವಸದಸ್ಯರ ಸಭೆ ಆಗಿ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್‌ಗೆ ಹೋಗಬೇಕು. ವಿದೇಶಿ ದೇಣಿಗೆಗೆ ನೋಂದಣಿ ಇದ್ದರೆ ಆ ದೇಣಿಗೆಯ ವರ್ಷದ ಲೆಕ್ಕ ಕೊಡುವ ಎಫ್‌ಸಿ-4 ನಮೂನೆ ಡಿಸೆಂಬರ್ 31ರೊಳಗೆ ಹೋಗಬೇಕು. ಅಚ್ಚಾದ ಪ್ರತಿ ದಾನಿಗಳಿಗಷ್ಟೇ ಅಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಒಂದು ಕೊಡಿ.